ಮೂರು ಚರ್ಚು, ಎರಡು ತಾಲ್ಲೂಕು, ಒಂದು ಕಣ್ಣಿನ ಶಿಬಿರ

ಹೋದ ವಾರ ನಮ್ಮ ಶಿಬಿರದ ಕೊನೆಯ ತಂಡದ ತಪಾಸಣೆ ಮುಗಿಯಿತು. ಪೊರೆ ತೆಗೆಸಿಕೊಂಡ ಅಜ್ಜ-ಅಜ್ಜಿಯರು ಇನ್ನು ಡ್ರಾಪ್ಸ್ ನಿಲ್ಲಿಸಬಹುದು ಅಂತ ಡಾಕ್ಟರು ಹೇಳಿದರು. ಅಬ್ಬಾ, ಮುಗೀತು ಅಂದುಕೊಂಡೆ. ಆದರೆ ಫೋನ್ ನಿಂತಿಲ್ಲ. ಮಾಲೂರು ಕಡೆಯ ಒಂದು ಧರ್ಮಕೇಂದ್ರದವರು (ಧರ್ಮಕೇಂದ್ರ ಅಂದರೆ ಒಂದು ಕ್ಯಾಥೊಲಿಕ್ ಚರ್ಚು ಮತ್ತು ಅದಕ್ಕೆ ಸೇರಿದ ಜನ), ಮುಳಬಾಗಿಲು ಕಡೆಯ ಇನ್ನೊಬ್ಬರು ಬಿಡದೆ ಕೇಳುತ್ತಿದ್ದಾರೆ. "ಅಕ್ಕಾ, ಹೇಗೆ ಮಾಡಿದ್ರಿ? ಯಾರ ಹತ್ರ ಪರ್ಮಿಷನ್ ತಗೊಂಡ್ರಿ? ಎಷ್ಟು ಖರ್ಚಾಯ್ತು?" ಒಬ್ಬೊಬ್ಬರಿಗೂ ಮೊದಲಿಂದ ಹೇಳುವುದು ಕಷ್ಟ. ಅದಕ್ಕೇ ಎಲ್ಲ ಒಂದು ಕಡೆ ಬರೆಯುತ್ತಿದ್ದೇನೆ.

ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಡಾಕ್ಟರು ಸಿಗುತ್ತಾರೆ. ದುಡ್ಡು ಹೇಗೋ ಹೊಂದುತ್ತದೆ. ಸಿಗದೇ ಇರುವುದು ಆಪರೇಷನ್ ದಿನ ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಇರುವ ಮನುಷ್ಯರು. ಬ್ಯಾನರ್, ಪಾಂಪ್ಲೆಟ್, ಉದ್ಘಾಟನೆಗೆ ಯಾರು ಬರಬೇಕು ಅನ್ನುವುದೆಲ್ಲ ಆಮೇಲೆ. ಮೊದಲು ಜೊತೆಗೆ ಹೋಗುವವರ ಪಟ್ಟಿ ಮಾಡಿ.

ಈಗ ಕಥೆಗೆ ಬರುತ್ತೇನೆ.

ನಾನು ಬಂಗಾರಪೇಟೆಯವಳು. ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಕಾರ್ಯದರ್ಶಿ. ನಮ್ಮ ಅಕ್ಕಪಕ್ಕದ ಧರ್ಮಕೇಂದ್ರಗಳು ಕೆಜಿಎಫ್‌ನವು. ಒಂದು ಊರ್ಗಾಂ ಕಡೆಯದು, ಇನ್ನೊಂದು ಮಾರಿಕುಪ್ಪಂ ಕಡೆಯದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿವೆ. ಹಾಗಾಗಿ ಮೂವರಿಗೂ ಬಿಷಪರು ಒಬ್ಬರೇ. ಆದರೂ ನಮ್ಮ ನಡುವೆ ಒಡನಾಟ ಅಷ್ಟಕ್ಕಷ್ಟೇ ಇತ್ತು. ನಮ್ಮಲ್ಲಿ ಕನ್ನಡ ಪೂಜೆಗೆ ಜನ ಜಾಸ್ತಿ, ಅವರಲ್ಲಿ ತಮಿಳು ಪೂಜೆಗೆ. ಹಬ್ಬಕ್ಕೆ ತೇರು ಎಳೆಯುವಾಗ ಹೋಗಿ ಬರುತ್ತಿದ್ದೆವು, ಅಷ್ಟೇ.

ಶುರುವಾಗಿದ್ದು ಅಕ್ಕಿ ಮೂಟೆಯಿಂದ. ಪ್ರತಿ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಮೂರೂ ಕಡೆ ಬಡವರಿಗೆ ಅಕ್ಕಿ, ಬೇಳೆ, ಎಣ್ಣೆ ಹಂಚುತ್ತೇವೆ. ಒಂದು ವರ್ಷ ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರು ಮೂರು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಗಡಿಭಾಗದ ಕೆಲವು ಹೆಸರು ಎರಡೆರಡು ಪಟ್ಟಿಯಲ್ಲಿದ್ದವು. ಗಣಿ ಕಾಲದ ಲೈನ್ ಮನೆಗಳಲ್ಲಿ ಒಂಟಿಯಾಗಿರುವ ಕೆಲವು ಮುದುಕರ ಹೆಸರು ಮಾತ್ರ ಒಂದರಲ್ಲೂ ಇರಲಿಲ್ಲ. ಈ ಸಭೆ 1833ರಲ್ಲಿ ಪ್ಯಾರಿಸ್‌ನಲ್ಲಿ ಕೆಲವು ಕಾಲೇಜು ಹುಡುಗರು ಶುರುಮಾಡಿದ್ದು. ಬಡವರ ಮನೆಗೆ ಹೋಗಿ, ಕೂತು, ಮಾತಾಡಿಸಿ ಬರುವುದು ಅವರ ಪದ್ಧತಿ. ಹಾಗೆ ಮೂರೂ ಕಡೆಯವರು ಒಟ್ಟಿಗೆ ಲೈನ್‌ಗಳಿಗೆ ಹೋದರು. ಅಕ್ಕಿ ಬೇಡ ಅಂತ ಯಾರೂ ಹೇಳಲಿಲ್ಲ ನಿಜ. ಆದರೆ ಮನೆ ಮನೆಯಲ್ಲೂ ಕೇಳಿದ್ದು ಒಂದೇ ಗೋಳು, ಕಣ್ಣು ಕಾಣಿಸುತ್ತಿಲ್ಲ. ಒಬ್ಬ ಅಜ್ಜಿ ಅಕ್ಕಿಯಲ್ಲಿ ಕಲ್ಲು ಆರಿಸಲಾಗದೆ ಹಾಗೇ ಬೇಯಿಸಿ ತಿನ್ನುತ್ತಿದ್ದರು.

ಮೂರೂ ಕಡೆಯವರು ಸೇರಿ ಕಣ್ಣಿನ ಶಿಬಿರ ಮಾಡೋಣ ಅಂದಾಗ ಗುರುಗಳು (ಫಾದರ್‌ಗಳು) ಮೂವರೂ ಒಪ್ಪಿದರು. ನಮ್ಮ ಫಾದರ್ ಒಂದು ವಿಷಯ ಹೇಳಿದರು. ಅಕ್ಕಪಕ್ಕದ ಧರ್ಮಕೇಂದ್ರಗಳನ್ನು ಒಂದು ಗುಂಪಾಗಿ ಸೇರಿಸಿ ಸೇವೆ ಮಾಡಬಹುದು ಅಂತ 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲೇ ಇದೆಯಂತೆ, 374ನೇ ವಿಧಿ. ನಾವು ಮಾಡಹೊರಟಿದ್ದು ಅಷ್ಟು ದೊಡ್ಡದೇನಲ್ಲ. ಆದರೂ ಈ ಮಾತು ಮುಂದೆ ಉಪಯೋಗಕ್ಕೆ ಬಂತು. "ನಮ್ಮ ಚರ್ಚಿನ ಕಾಣಿಕೆ ಬೇರೆ ಊರಿಗೆ ಯಾಕೆ?" ಅಂತ ಕೇಳಿದವರಿಗೆ ಫಾದರ್ ಅದನ್ನೇ ತೋರಿಸಿದರು.

ಆಸ್ಪತ್ರೆ ಹುಡುಕುವುದು ಅಂದುಕೊಂಡದ್ದಕ್ಕಿಂತ ಸುಲಭ. 1976ರಿಂದ ಕೇಂದ್ರ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ ನಡೆಯುತ್ತಿದೆ. ಅದರ ಕೆಳಗೆ ಬಡವರಿಗೆ ಉಚಿತವಾಗಿ ಪೊರೆ ಆಪರೇಷನ್ ಮಾಡುವ ಖಾಸಗಿ, ಟ್ರಸ್ಟ್ ಆಸ್ಪತ್ರೆಗಳಿವೆ. ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ಈ ಕಾರ್ಯಕ್ರಮಕ್ಕೇ ಒಬ್ಬ ಅಧಿಕಾರಿ ಇರುತ್ತಾರೆ. ಮೊದಲು ಅವರನ್ನು ಕಾಣಿ. ಆಸ್ಪತ್ರೆಯ ಜೊತೆ ಇಲಾಖೆಯ ಒಪ್ಪಂದ ಇದೆಯಾ ಅಂತ ಕೇಳಿ. ಯಾರೋ ಪರಿಚಯದವರು ಹೇಳಿದರು ಅಂತ ಗುರುತಿಲ್ಲದ ಆಸ್ಪತ್ರೆಯನ್ನು ಕರೆಸಬೇಡಿ. ಕಣ್ಣಿನ ವಿಷಯ, ಏನಾದರೂ ಹೆಚ್ಚುಕಡಿಮೆ ಆದರೆ ಯಾರನ್ನು ಕೇಳುತ್ತೀರಿ?

ಇನ್ನೊಂದು ವಿಷಯ ಹಳಬರಿಗೆ ಹೇಳಿ ಒಪ್ಪಿಸಬೇಕಾಯಿತು. ಹಿಂದೆ ಶಾಲೆಯ ಬೆಂಚುಗಳ ಮೇಲೇ ಕಣ್ಣಿನ ಆಪರೇಷನ್ ಮಾಡುತ್ತಿದ್ದರು. ಈಗ ಹಾಗಿಲ್ಲ. ಸೋಂಕಿನ ಭಯಕ್ಕೆ ಅದನ್ನು ನಿಲ್ಲಿಸಿದ್ದಾರೆ. ಶಿಬಿರದಲ್ಲಿ ತಪಾಸಣೆ ಮಾತ್ರ. ಆಪರೇಷನ್ ಬೇಕಾದವರನ್ನು ಆಸ್ಪತ್ರೆಯವರೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಮುಗಿದ ಮೇಲೆ ತಂದು ಬಿಡುತ್ತಾರೆ. "ಇಲ್ಲೇ ಮಾಡಿದ್ರೆ ಏನು ಗಂಟು ಹೋಗ್ತದೆ?" ಅಂತ ಸಭೆಯಲ್ಲಿ ಜಗಳಕ್ಕೇ ನಿಂತ ಹಿರಿಯರಿದ್ದರು.

ಆಮೇಲೆ ಕಾಗದ ಪತ್ರ. ಆಸ್ಪತ್ರೆಯವರಿಗೆ ಸಂಘಟಕರು ಒಬ್ಬರೇ ಇರಬೇಕು, ಮೂವರಲ್ಲ. ಮೂರು ಲೆಟರ್‌ಹೆಡ್‌ನಲ್ಲಿ ಮೂರು ಪತ್ರ ಕೊಟ್ಟರೆ ಅವರಿಗೆ ಯಾರ ಜೊತೆ ಮಾತಾಡಬೇಕೋ ಗೊತ್ತಾಗುವುದಿಲ್ಲ. ಒಂದೇ ಧರ್ಮಕೇಂದ್ರದ ಲೆಟರ್‌ಹೆಡ್ ಬಳಸಿ, ಕೆಳಗೆ ಮೂವರು ಗುರುಗಳ ಸಹಿ ಮತ್ತು ಸೀಲು ಹಾಕಿಸಿದೆವು. ಆ ಮೂರು ಸೀಲಿಗೆ ಎಷ್ಟು ಓಡಾಡಿದೆವೋ ಆ ದೇವರೇ ಬಲ್ಲ. ಒಬ್ಬರು ಊರಲ್ಲಿದ್ದರೆ ಇನ್ನೊಬ್ಬರು ಬೆಂಗಳೂರಿನಲ್ಲಿ. ಸಹಿ ಸಿಕ್ಕಿದ ದಿನ ಸೀಲಿರುವ ಬೀರುವಿನ ಕೀ ಸಿಗುತ್ತಿರಲಿಲ್ಲ. ನೀವು ಮಾಡುವುದಾದರೆ ಪತ್ರದ ಐದಾರು ಪ್ರತಿಗೆ ಒಟ್ಟಿಗೇ ಸಹಿ, ಸೀಲು ಮಾಡಿಸಿಕೊಂಡು ಬಿಡಿ. ಎಲ್ಲ ಕಚೇರಿಯಲ್ಲೂ ಮೂಲ ಪ್ರತಿಯನ್ನೇ ಕೇಳುತ್ತಾರೆ.

ಪತ್ರದಲ್ಲಿ, ಬ್ಯಾನರ್‌ನಲ್ಲಿ ಯಾರ ಹೆಸರು ಮೊದಲು? ನಗಬೇಡಿ, ಇದಕ್ಕೇ ಒಂದು ಇಡೀ ಸಂಜೆ ಹೋಯಿತು. ಹಳೆಯ ಚರ್ಚಿನ ಹೆಸರು ಮೊದಲು ಅಂತ ಒಬ್ಬರು. ಜಾಗ ಕೊಟ್ಟವರ ಹೆಸರು ಮೊದಲು ಅಂತ ಇನ್ನೊಬ್ಬರು. ಕೊನೆಗೆ ರೈಲ್ವೆಯಲ್ಲಿ ಕೆಲಸ ಮಾಡಿ ರಿಟೈರಾದ ಒಬ್ಬ ಅಣ್ಣ ಎದ್ದು, "ರೈಲು ಯಾವ ಊರಲ್ಲಿ ಮೊದಲು ನಿಲ್ತದೋ ಆ ಹೆಸರು ಮೊದಲು ಹಾಕಿ" ಅಂದರು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಲೈನಿನ ಪ್ರಕಾರ ಹೆಸರು ಬಂದವು. ಎದುರು ಮಾತಾಡಲು ಯಾರಿಗೂ ಏನೂ ಇರಲಿಲ್ಲ.

ನಮಗೆ ಬಂದ ಇನ್ನೊಂದು ತೊಡಕು ತಾಲ್ಲೂಕಿನದು. ಮೊದಲು ಕೆಜಿಎಫ್ ಬಂಗಾರಪೇಟೆ ತಾಲ್ಲೂಕಿನಲ್ಲೇ ಇತ್ತು. ಈಗ ಅದೇ ಒಂದು ತಾಲ್ಲೂಕು. ಚರ್ಚಿನ ಲೆಕ್ಕದಲ್ಲಿ ನಾವು ನೆರೆಹೊರೆ, ಸರ್ಕಾರದ ಲೆಕ್ಕದಲ್ಲಿ ಬೇರೆ ಬೇರೆ. ತಾಲ್ಲೂಕು ಆರೋಗ್ಯ ಅಧಿಕಾರಿಗೆ ಪತ್ರ ಕೊಡಬೇಕು ಅಂದರೆ ಯಾವ ತಾಲ್ಲೂಕಿನವರಿಗೆ? ಶಿಬಿರ ಯಾವ ತಾಲ್ಲೂಕಿನಲ್ಲಿ ನಡೆಯುತ್ತದೋ ಅಲ್ಲಿಗೆ ಅರ್ಜಿ. ಜನ ಎಲ್ಲಿಂದ ಬರುತ್ತಾರೋ ಅಲ್ಲಿಗೆ ಮಾಹಿತಿ ಪತ್ರ. ಎರಡರ ಪ್ರತಿಯೂ ಕೋಲಾರದ ಜಿಲ್ಲಾ ಆರೋಗ್ಯ ಅಧಿಕಾರಿಗೆ. ಪೊಲೀಸರದ್ದು ಬೇರೆ ದಾರಿ. ಕೆಜಿಎಫ್‌ಗೆ ಪ್ರತ್ಯೇಕ ಎಸ್‌ಪಿ ಇದ್ದಾರೆ, ಅದಕ್ಕೆ ಕೋಲಾರಕ್ಕೆ ಹೋಗಬೇಕಾಗಿಲ್ಲ. ಆಟೋದಲ್ಲಿ ಮೈಕ್ ಕಟ್ಟಿ ಪ್ರಚಾರ ಮಾಡುವುದಕ್ಕೆ ಪೊಲೀಸ್ ಅನುಮತಿ ಬೇಕು, ಮರೆಯಬೇಡಿ.

ಆಶಾ ಕಾರ್ಯಕರ್ತೆಯರಿಗೆ ತಾಲ್ಲೂಕು ಆರೋಗ್ಯ ಕಚೇರಿಯಿಂದ ಒಂದು ಮಾತು ಹೇಳಿಸಿ. ಯಾವ ಮನೆಯಲ್ಲಿ ಕಣ್ಣು ಕಾಣದವರಿದ್ದಾರೆ ಅಂತ ನಮ್ಮ ಮೂರು ಪಟ್ಟಿಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ.

ಪ್ರಾರ್ಥನೆಯ ವಿಷಯವನ್ನೂ ಬರೆಯಲೇಬೇಕು. ಶಿಬಿರವನ್ನು ಪ್ರಾರ್ಥನೆಯಿಂದ ಶುರುಮಾಡೋಣ ಅಂತ ನಮ್ಮವರಲ್ಲಿ ಕೆಲವರು ಹೇಳಿದರು. ಬೇಡ ಅಂತ ನಾನು ಪಟ್ಟು ಹಿಡಿದೆ. ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹಿಂದೂಗಳು, ಮುಸ್ಲಿಮರು. ಚರ್ಚಿನವರು ಏನೋ ಆಸೆ ತೋರಿಸಿ ಕರೆಯುತ್ತಿದ್ದಾರೆ ಅನ್ನುವ ಮಾತು ಎದ್ದರೆ ನಷ್ಟ ಆಗುವುದು ಕಣ್ಣು ಕಾಣದ ಅಜ್ಜಿಗೆ. ಬೆಳಿಗ್ಗೆ ಚರ್ಚಿನೊಳಗೆ ನಮ್ಮ ಸ್ವಯಂಸೇವಕರಷ್ಟೇ ಪ್ರಾರ್ಥನೆ ಮಾಡಿದೆವು. ಶಿಬಿರ ನಡೆದ ಶಾಲೆಯ ಅಂಗಳದಲ್ಲಿ ಲೂರ್ದು ಮಾತೆಯ ಗವಿ ಇದೆ. ಇಷ್ಟ ಇದ್ದವರು ಹೋಗಿ ಕೈ ಮುಗಿದು ಬಂದರು. ಕುಂಕುಮ ಇಟ್ಟ ಎಷ್ಟೋ ಹೆಂಗಸರೂ ಅಲ್ಲಿ ಒಂದು ನಿಮಿಷ ನಿಂತು ಹೋದರು. ನಮ್ಮ ಕಡೆ ಅದೇನು ಹೊಸದಲ್ಲ.

ಇಷ್ಟರಲ್ಲಿ ವರ್ಗಾವಣೆ ಬಂತು. ಮೂವರು ಗುರುಗಳಲ್ಲಿ ಒಬ್ಬರಿಗೆ ಬೇರೆ ಊರಾಯಿತು. ಹೊಸದಾಗಿ ಬಂದ ಫಾದರ್, "ನಾನು ಮೊದಲು ನನ್ನ ಜನರನ್ನ ನೋಡಬೇಕಲ್ವಾ? ಸ್ವಲ್ಪ ತಡೀರಿ" ಅಂದರು. ಅವರದ್ದೂ ತಪ್ಪಿಲ್ಲ. ಆದರೆ ನಮಗೆ ಜೀವ ಬಾಯಿಗೆ ಬಂದಿತ್ತು. ಆಸ್ಪತ್ರೆಯವರು ಕೊಟ್ಟ ತಾರೀಕು ಕೈತಪ್ಪಿತು. ಮಳೆ ಹಿಡಿಯಿತು. ಆ ತಿಂಗಳುಗಳಲ್ಲಿ ನನಗೆ ನಿಜವಾಗಿಯೂ ಸಾಕು ಅನ್ನಿಸಿತ್ತು. ನಾವೊಬ್ಬರೇ ಮಾಡಿದ್ದರೆ ಯಾವಾಗಲೋ ಮುಗಿಯುತ್ತಿತ್ತು ಅಂತ ಮನೆಯಲ್ಲಿ ಗೊಣಗುತ್ತಿದ್ದೆ. ಕೊನೆಗೆ ಹೊಸ ಫಾದರ್ ಒಂದು ಸಂಜೆ ವಿನ್ಸೆಂಟ್ ದೆ ಪಾಲ್ ಸಭೆಯವರ ಜೊತೆ ಲೈನ್ ಮನೆಗಳಿಗೆ ಹೋಗಿಬಂದರು. ಮರುದಿನ ಅವರೇ ಫೋನ್ ಮಾಡಿ, "ತಾರೀಕು ಹಾಕಿಸಿ, ಸಹಿ ಎಲ್ಲಿ ಹಾಕಬೇಕು ಹೇಳಿ" ಅಂದರು. ಹೊಸ ಗುರುಗಳು ಬಂದರೆ ಫೈಲ್ ಹಿಡಿದುಕೊಂಡು ಹೋಗಬೇಡಿ. ಮೊದಲು ಮನೆಗಳಿಗೆ ಕರೆದುಕೊಂಡು ಹೋಗಿ. ಆಗುವುದಾದರೆ ವರ್ಗಾವಣೆಯ ಕಾಲಕ್ಕೆ ಮೊದಲೇ ಶಿಬಿರ ಮುಗಿಸಿಬಿಡಿ.

ಯಾವ ದಿನ ಇಡಬೇಕು ಅನ್ನುವುದೂ ತಲೆನೋವೇ. ನಮ್ಮ ಕಡೆ ದುಡಿಯುವ ವಯಸ್ಸಿನವರು ಬೆಳಕು ಹರಿಯುವ ಮೊದಲೇ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ರಾತ್ರಿ ಊಟದ ಹೊತ್ತಿಗೆ ವಾಪಸ್. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಕೆಜಿಎಫ್ ಬದುಕಿದ್ದೇ ಈ ರೈಲಿನಿಂದ. ಹಾಗಾಗಿ ವಾರದ ದಿನ ಶಿಬಿರ ಇಟ್ಟರೆ ಮುದುಕರನ್ನು ಕರೆತರುವವರೂ ಇಲ್ಲ, ಸ್ವಯಂಸೇವಕರೂ ಇಲ್ಲ. ಭಾನುವಾರ ಇಟ್ಟರೆ ಮೂರೂ ಕಡೆ ಪೂಜೆ. ಇದಕ್ಕೆ ಗುರುಗಳೇ ದಾರಿ ಹೇಳಿದರು. ಶನಿವಾರ ಸಂಜೆಯ ಪೂಜೆಗೆ ಬಂದರೂ ಭಾನುವಾರದ ಕಡ್ಡಾಯ ಪೂಜೆ ಮುಗಿದ ಹಾಗೆ. ಸ್ವಯಂಸೇವಕರಿಗಾಗಿ ಶನಿವಾರ ಸಂಜೆ ಒಂದೇ ಚರ್ಚಿನಲ್ಲಿ ಕನ್ನಡ, ತಮಿಳು ಎರಡೂ ಸೇರಿಸಿ ಪೂಜೆ ಇಟ್ಟರು. ಮೂರೂ ಕಡೆಯವರು ಒಂದೇ ಬೆಂಚಿನಲ್ಲಿ ಕೂತಿದ್ದು ಅವತ್ತೇ ಮೊದಲು ಅಂತ ಕಾಣುತ್ತದೆ. ಹಾಡಿನ ಗುಂಪಿನವರು ಮಾತ್ರ ಕೀಬೋರ್ಡ್ ಯಾರು ನುಡಿಸಬೇಕು ಅಂತ ಸ್ವಲ್ಪ ಮುನಿಸಿಕೊಂಡಿದ್ದರು.

ದುಡ್ಡಿನ ವಿಷಯ. ತಪಾಸಣೆ, ಆಪರೇಷನ್, ಲೆನ್ಸ್, ಬಸ್ಸು, ರೋಗಿಗಳ ಊಟ ಎಲ್ಲ ಆಸ್ಪತ್ರೆಯವರದೇ. ನಮ್ಮ ಪಾಲಿಗೆ ಬಂದದ್ದು ಶಾಮಿಯಾನ, ಕುರ್ಚಿ, ಮೈಕ್ ಆಟೋ, ಪಾಂಪ್ಲೆಟ್, ಟೀ-ಬಿಸ್ಕತ್ತು, ಮಧ್ಯಾಹ್ನದ ಊಟ, ಕಪ್ಪು ಕನ್ನಡಕ ಕಳೆದುಕೊಂಡವರಿಗೆ ಇನ್ನೊಂದು, ಜೊತೆಗೆ ಹೋದವರ ಊಟ-ತಿಂಡಿ. ಎಲ್ಲ ಸೇರಿ 40 ಸಾವಿರದ ಆಸುಪಾಸು. ಅದರಲ್ಲಿ ಊಟದ್ದೇ ದೊಡ್ಡ ಪಾಲು. ಪಲಾವ್ ಬೇಡ, ಮುದುಕರಿಗೆ ಅನ್ನ-ಸಾರು, ಮಜ್ಜಿಗೆ ಸಾಕು ಅಂತ ಸಿಸ್ಟರ್ (ಸನ್ಯಾಸಿನಿ) ಹೇಳಿದ್ದರಿಂದ ಖರ್ಚೂ ಇಳಿಯಿತು, ಹೊಟ್ಟೆಗೂ ಹಿತವಾಯಿತು.

ಒಂದೊಂದು ಧರ್ಮಕೇಂದ್ರಕ್ಕೂ ಅದರದ್ದೇ ಖಾತೆ, ಅದರದ್ದೇ ಹಣಕಾಸು ಸಮಿತಿ. ಧರ್ಮಸಭೆಯ ಕಾನೂನಿನಲ್ಲೇ ಅದು ಕಡ್ಡಾಯ. ಮೂವರೂ ಸೇರಿ ಹೊಸ ಜಂಟಿ ಖಾತೆ ತೆಗೆಯೋಣ ಅಂತ ಬ್ಯಾಂಕಿಗೆ ಹೋದರೆ ಪ್ಯಾನ್, ನೋಂದಣಿ, ಬೈಲಾ ಅಂತ ಕೇಳಿದರು. ಒಂದು ಶಿಬಿರಕ್ಕೆ ಅಷ್ಟೆಲ್ಲ ಯಾರು ಮಾಡುತ್ತಾರೆ? ಒಂದು ಧರ್ಮಕೇಂದ್ರದ ಖಾತೆಗೇ ಎಲ್ಲರೂ ಹಾಕುವುದು, ಪ್ರತಿ ಖರ್ಚಿನ ಚೀಟಿಗೂ ಇನ್ನೆರಡು ಕಡೆಯ ಒಬ್ಬೊಬ್ಬರ ಸಹಿ ಬೇಕು ಅಂತ ಮಾಡಿಕೊಂಡೆವು. ರಸೀದಿ ಇಲ್ಲದೆ ನಗದು ತೆಗೆದುಕೊಳ್ಳಲಿಲ್ಲ. ಒಬ್ಬ ಅಂಗಡಿಯವರು ಒಳ್ಳೆ ಮೊತ್ತ ಕೊಡುತ್ತೇನೆ, ಬ್ಯಾನರ್‌ನಲ್ಲಿ ನನ್ನ ಫೋಟೋ ಹಾಕಿ ಅಂದರು. ಬೇಡ ಅಂದೆವು. ಫೋಟೋ ಒಂದು ಬಂದರೆ ಆಮೇಲೆ ಎಲ್ಲರ ಫೋಟೋವೂ ಬರಬೇಕಾಗುತ್ತದೆ.

ಶಿಬಿರಕ್ಕೆ ಒಂದು ವಾರ ಮುಂಚೆ ಮಾಡಬೇಕಾದ ಕೆಲಸ ಒಂದಿದೆ, ದಯವಿಟ್ಟು ಇದನ್ನು ಬಿಡಬೇಡಿ. ಬರುವವರ ಬಿಪಿ, ಶುಗರ್ ನೋಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ನೋಡುತ್ತಾರೆ. ಶುಗರ್ ಹತೋಟಿಯಲ್ಲಿಲ್ಲದಿದ್ದರೆ ಕಣ್ಣಿನ ಆಪರೇಷನ್ ಮಾಡುವುದಿಲ್ಲ, ಸೋಂಕಾಗುವ ಅಪಾಯ ಇದೆ. ಪೊರೆ ಪೂರ್ತಿ ಬಲಿತು ಕಣ್ಣೇ ಬೆಳ್ಳಗಾಗಿದ್ದ ಎಷ್ಟೋ ಜನ ಬಸ್ಸಿನ ಹತ್ತಿರದವರೆಗೂ ಬಂದು ವಾಪಸ್ ಹೋದರು. ಬಟ್ಟೆ ಗಂಟು ಕಟ್ಟಿಕೊಂಡು, ಮೊಮ್ಮಕ್ಕಳಿಗೆ ಹೇಳಿ ಬಂದವರನ್ನು "ಅಜ್ಜಿ, ಈ ಸಲ ಆಗಲ್ಲ" ಅಂತ ವಾಪಸ್ ಕಳಿಸುವುದಿದೆಯಲ್ಲ, ಅದು ಬೇಡಪ್ಪಾ ಬೇಡ.

ದಾಖಲೆ ಜಾಸ್ತಿ ಬೇಕಾಗಿಲ್ಲ. ಆಧಾರ್, ರೇಷನ್ ಕಾರ್ಡ್, ಎರಡರದ್ದೂ ಜೆರಾಕ್ಸ್, ಒಂದು ಫೋನ್ ನಂಬರ್. ಈಗ ತಿನ್ನುತ್ತಿರುವ ಮಾತ್ರೆಗಳ ಚೀಟಿ ಇದ್ದರೆ ಅದೂ. ಆದರೆ ನಮ್ಮವರ ಹೆಸರೇ ಒಂದು ಸಮಸ್ಯೆ. ಚರ್ಚಿನ ಪುಸ್ತಕದಲ್ಲಿ ಜ್ಞಾನಸ್ನಾನದ ಹೆಸರು ಒಂದು, ಮನೆಯಲ್ಲಿ ಕರೆಯುವುದು ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ಚರ್ಚಿನ ಪಟ್ಟಿಯಲ್ಲಿ ಅಂತೋಣಿಯಮ್ಮ ಅಂತ ಇದ್ದವರು ಆಧಾರ್‌ನಲ್ಲಿ ಬೇರೆ ಯಾರೋ ಆಗಿರುತ್ತಾರೆ. ಪಟ್ಟಿ ಮಾಡುವಾಗ ಆಧಾರ್ ನೋಡಿಕೊಂಡೇ ಬರೆಯಿರಿ. ಕರೆಯುವ ಹೆಸರನ್ನು ಪಕ್ಕದಲ್ಲಿ ಹಾಕಿ, ಇಲ್ಲದಿದ್ದರೆ ಮೈಕ್‌ನಲ್ಲಿ ಕೂಗಿದರೂ ಯಾರೂ ಏಳುವುದಿಲ್ಲ. ಫೋನ್ ನಂಬರ್ ಬೆಂಗಳೂರಿನಲ್ಲಿರುವ ಮಗನದ್ದಾಗಿದ್ದರೆ ಪಕ್ಕದ ಮನೆಯವರದ್ದೂ ಒಂದು ಬರೆದುಕೊಳ್ಳಿ.

ಶಿಬಿರದ ದಿನದ ಬಗ್ಗೆ ಹೆಚ್ಚು ಬರೆಯಲು ಏನಿಲ್ಲ. ಅದು ಚೆನ್ನಾಗಿಯೇ ನಡೆಯಿತು. 200ಕ್ಕೂ ಹೆಚ್ಚು ಜನ ಬಂದರು. ಮಾಮೂಲಿ ಅಕ್ಷರದ ಚಾರ್ಟ್ ಬದಲು ಆಸ್ಪತ್ರೆಯವರು ಇಂಗ್ಲಿಷಿನ 'ಇ' ಅಕ್ಷರವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಬರೆದ ಚಾರ್ಟ್ ತಂದಿದ್ದರು. ಯಾವ ಕಡೆ ಬಾಯಿ ತೆರೆದಿದೆ ಅಂತ ಬೆರಳಿನಲ್ಲಿ ತೋರಿಸಿದರೆ ಸಾಕು. ಓದು ಬಾರದವರಿಗೂ ಆಯಿತು, ಕನ್ನಡ-ತಮಿಳು-ತೆಲುಗು ಗೊಂದಲವೂ ಇಲ್ಲ. ಆದರೆ ಡಾಕ್ಟರ ಪಕ್ಕ ಮೂರೂ ಭಾಷೆ ಬರುವ ಒಬ್ಬರನ್ನು ಕೂರಿಸಲೇಬೇಕು. ನಮ್ಮಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಮಧ್ಯಾಹ್ನದವರೆಗೆ ಅಲ್ಲಾಡದೆ ಕೂತಿದ್ದಳು. ಹತ್ತಿರದ್ದು ಮಾತ್ರ ಕಾಣದವರಿಗೆ ಓದುವ ಕನ್ನಡಕ ಸಾಕಾಯಿತು.

ನಿಜವಾದ ಕಷ್ಟ ಆಮೇಲೆ. ಆಪರೇಷನ್ ಬೇಕು ಅಂತ ಆರಿಸಿದವರನ್ನು ವಾರದ ದಿನಗಳಲ್ಲಿ ತಂಡ ತಂಡವಾಗಿ ಕಳಿಸಬೇಕಿತ್ತು. ಪ್ರತಿ ತಂಡಕ್ಕೂ ಜೊತೆಗೆ ಜನ ಇರಬೇಕು, ಹೆಂಗಸರ ವಾರ್ಡಿಗೆ ಹೆಂಗಸರೇ ಇರಬೇಕು ಅಂತ ಆಸ್ಪತ್ರೆಯವರ ನಿಯಮ. ಎರಡು ರಾತ್ರಿ ಅಲ್ಲೇ ಇರಬೇಕು. ಮಕ್ಕಳೆಲ್ಲ ರೈಲಿನಲ್ಲಿ. ಒಂದು ದಿನ ರಜೆ ಹಾಕಿದರೆ ಕೂಲಿ ಹೋಯಿತು. ಸೊಸೆಯಂದಿರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಕೇಳಿದರೆ, "ಅತ್ತೆಗೆ ಆಪರೇಷನ್ ಬೇಡ ಅಂತಲ್ಲ ಅಕ್ಕಾ, ನಾನು ಹೋದ್ರೆ ಕೆಲಸ ಹೋಗ್ತದೆ" ಅನ್ನುತ್ತಾರೆ. ಏನು ಹೇಳುತ್ತೀರಿ?

ಮೂರು ಧರ್ಮಕೇಂದ್ರ ಸೇರಿದ್ದು ಉಪಯೋಗಕ್ಕೆ ಬಂದದ್ದು ಇಲ್ಲೇ. ಒಂದೊಂದರಲ್ಲಿ ಹುಡುಕಿದ್ದರೆ ನಾಲ್ಕು ಜನವೂ ಸಿಗುತ್ತಿರಲಿಲ್ಲ. ಮೂರೂ ಕಡೆಯ ವಿನ್ಸೆಂಟ್ ದೆ ಪಾಲ್ ಸಭೆ, ಮಾತೆಯ ಸಂಘದ ಹೆಂಗಸರು, ಇಬ್ಬರು ಸಿಸ್ಟರುಗಳು, ಒಬ್ಬ ರಿಟೈರ್ಡ್ ಮೇಷ್ಟ್ರು ಹೀಗೆ ಒಬ್ಬೊಬ್ಬರನ್ನೇ ಹಿಡಿದು ಪಟ್ಟಿ ಮಾಡಿದೆವು. ನಮ್ಮೂರಿನವರೇ ನಮ್ಮೂರಿನ ರೋಗಿ ಜೊತೆ ಹೋಗಬೇಕು ಅನ್ನುವ ಲೆಕ್ಕ ಬಿಟ್ಟೆವು. ಬಂಗಾರಪೇಟೆಯ ಒಬ್ಬ ಆಂಟಿ, ತಮಿಳು ಒಂದಕ್ಷರ ಬಾರದವರು, ಮಾರಿಕುಪ್ಪಂನ ಪಾಟಿಯ (ತಮಿಳು ಅಜ್ಜಿಯ) ಪಕ್ಕ ಎರಡು ರಾತ್ರಿ ಇದ್ದು ಬಂದರು. ಹೇಗೆ ಮಾತಾಡಿದ್ರಿ ಅಂದರೆ, "ಮಾತೇನು, ಇಬ್ಬರೂ ಸೊಸೆಯಂದಿರನ್ನ ಬೈಕೊಂಡು ಕಾಲ ಕಳೆದ್ವಿ" ಅಂದರು.

ನಾನೂ ಒಂದು ತಂಡದ ಜೊತೆ ಹೋಗಿದ್ದೆ. ಆಸ್ಪತ್ರೆಯಲ್ಲಿ ಕಾಯುವುದು ಅಂದರೆ ಕಾಯುವುದೇ. ಮತ್ತೆ ಶುಗರ್, ಮತ್ತೆ ಬಿಪಿ, ಕಣ್ಣೀರಿನ ನಾಳಕ್ಕೆ ನೀರು ಬಿಟ್ಟು ಪರೀಕ್ಷೆ, ಲೆನ್ಸಿನ ಅಳತೆ, ಪಾಪೆ ಅಗಲ ಆಗಲು ಪದೇ ಪದೇ ಡ್ರಾಪ್ಸ್. ಯಾವ ಕಣ್ಣು ಅಂತ ತಪ್ಪಬಾರದು ಅಂತ ಆ ಕಣ್ಣಿನ ಮೇಲೆ ಹಣೆಗೆ ಒಂದು ಸ್ಟಿಕ್ಕರ್ ಅಂಟಿಸುತ್ತಾರೆ. ನಮ್ಮ ತಂಡದಲ್ಲಿ ಗಣಿಯಲ್ಲಿ ಕೆಲಸ ಮಾಡಿದ್ದ ಒಬ್ಬ ತಾತ ಇದ್ದರು. ಚಾಂಪಿಯನ್ ರೀಫ್ಸ್ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳ. ಅಲ್ಲಿಗೆ ಕೇಜಿನಲ್ಲಿ ಇಳಿದು ಹತ್ತಿದವರು ಇವರು. ಬೆವರಿಗೆ ಅವರ ಹಣೆಯ ಸ್ಟಿಕ್ಕರ್ ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು. ನರ್ಸ್ ಮೂರನೇ ಸಲ ಅಂಟಿಸಿ, "ಯಾಕೆ ತಾತ ಇಷ್ಟು ಹೆದರ್ತೀರಾ?" ಅಂದಳು. "ಗಣೀಲಿ ಕರೆಂಟ್ ಹೋದ್ರೂ ಹೆದರ್ಲಿಲ್ಲಮ್ಮಾ, ಅಲ್ಲಿ ಪಕ್ಕದಲ್ಲಿ ನಮ್ಮವನು ಒಬ್ಬ ಇರ್ತಿದ್ದ. ಈ ರೂಮೊಳಗೆ ಒಬ್ಬನೇ ಅಲ್ವಾ?" ಅಂದರು. ಥಿಯೇಟರಿನ ಬಾಗಿಲವರೆಗೆ ಕೈ ಹಿಡಿದುಕೊಂಡು ಹೋದೆ. ಅರ್ಧ ಗಂಟೆಯೊಳಗೆ ಹೊರಗೆ ಬಂದರು. "ಇಷ್ಟೇನಾ?" ಅಂದರು. ಟೀ ಕೇಳಿದರು.

ಮನೆಗೆ ಬಂದ ಮೇಲಿನ ಆರೈಕೆಗೂ ಮೊದಲೇ ಜನ ಗೊತ್ತುಮಾಡಿಡಿ. ಡ್ರಾಪ್ಸ್ ಸುಮಾರು ಒಂದೂವರೆ ತಿಂಗಳು ಹಾಕಬೇಕು. ಮೊದಲ ದಿನಗಳಲ್ಲಿ ದಿನಕ್ಕೆ ಹಲವು ಸಲ, ಆಮೇಲೆ ಡಾಕ್ಟರು ಬರೆದ ಹಾಗೆ ಕಡಿಮೆ ಮಾಡುತ್ತಾ ಬರುವುದು. ಒಂಟಿಯಾಗಿರುವ ಮುದುಕರು ಎರಡು ಬಾಟಲಿ ಕೈಯಲ್ಲಿ ಹಿಡಿದು ಯಾವುದು ಯಾವುದೋ ಗೊತ್ತಾಗದೆ ಕೂರುತ್ತಾರೆ. ಒಬ್ಬ ಸಿಸ್ಟರ್ ಬಾಟಲಿಯ ಕತ್ತಿಗೆ ದಾರ ಕಟ್ಟಿಕೊಟ್ಟರು. ದಿನಕ್ಕೆ ಜಾಸ್ತಿ ಸಲ ಹಾಕುವುದಕ್ಕೆ ಎರಡು ಗಂಟು, ಇನ್ನೊಂದಕ್ಕೆ ಒಂದೇ ಗಂಟು. ಕೈಯಲ್ಲಿ ಮುಟ್ಟಿದರೇ ತಿಳಿಯುತ್ತದೆ. ಪ್ರತಿ ಲೈನಿನಲ್ಲೂ ಒಬ್ಬ ಶಾಲೆ ಹುಡುಗನಿಗೆ ಬೆಳಿಗ್ಗೆ-ಸಂಜೆ ಡ್ರಾಪ್ಸ್ ಹಾಕುವ ಕೆಲಸ ಕೊಟ್ಟೆವು. ಸೋಪಿನಲ್ಲಿ ಕೈ ತೊಳೆದುಕೊಂಡೇ ಮುಟ್ಟಬೇಕು ಅಂತ ಕಟ್ಟುನಿಟ್ಟು. ತಲೆಗೆ ಸ್ನಾನ ಬೇಡ, ಒಲೆ ಊದುವುದು ಬೇಡ, ಭಾರ ಎತ್ತುವುದು ಬೇಡ. ಬಿಂದಿಗೆ ಎತ್ತಬೇಡಿ ಅಂದರೆ ನೀರು ಯಾರು ತರುತ್ತಾರೆ ಅನ್ನುವ ಪ್ರಶ್ನೆ ಬರುತ್ತದೆ. ಅದನ್ನೂ ಪಕ್ಕದ ಮನೆಯವರ ಜೊತೆ ಮೊದಲೇ ಮಾತಾಡಿ. ಕಣ್ಣು ಕೆಂಪಾಗಿ ನೋವು ಬಂದರೆ, ದೃಷ್ಟಿ ಮತ್ತೆ ಮಂಜಾದರೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಬೇಕು. ನಾಳೆ ನೋಡೋಣ ಅನ್ನಬಾರದು.

ಲೆಕ್ಕವನ್ನು ಒಂದೇ ಭಾನುವಾರ ಮೂರೂ ಚರ್ಚಿನಲ್ಲಿ ಓದಿದೆವು. ಸ್ವಲ್ಪ ಹಣ ಉಳಿದಿತ್ತು. ಮೂರು ಪಾಲು ಮಾಡಿ ಅಂತ ಒಂದು ಮಾತು ಬಂತು. ಆದರೆ ಆಸ್ಪತ್ರೆಯವರು ಒಂದು ಸಲಕ್ಕೆ ಒಂದೇ ಕಣ್ಣು ಮಾಡುತ್ತಾರೆ. ನಮ್ಮವರಲ್ಲಿ ಅನೇಕರಿಗೆ ಇನ್ನೊಂದು ಕಣ್ಣು ಬಾಕಿ ಇದೆ. ಶುಗರ್ ಜಾಸ್ತಿಯಾಗಿ ವಾಪಸ್ ಹೋದವರೂ ಇದ್ದಾರೆ. ಅವರಿಗೆ ಮಾತ್ರೆ ಸರಿಯಾಗಿ ತಿನ್ನಿಸಿ, ಸಿಸ್ಟರುಗಳು ಪ್ರತಿ ವಾರ ನೋಡುತ್ತಿದ್ದಾರೆ. ಉಳಿದ ಹಣ ಅದಕ್ಕೇ ಅಂತ ತೀರ್ಮಾನವಾಯಿತು.

ಈ ಸಲ ಪಟ್ಟಿಯನ್ನು ಉಲ್ಟಾ ಮಾಡಿದ್ದೇವೆ. ಎಡಗಡೆ ಜೊತೆಗೆ ಹೋಗುವವರ ಹೆಸರು, ಬಲಗಡೆ ರೋಗಿಯ ಹೆಸರು. ಎಡಗಡೆ ಖಾಲಿ ಇದ್ದರೆ ಬಲಗಡೆ ಬರೆಯುವುದಿಲ್ಲ. ಮುಂದಿನ ತಂಡಕ್ಕೆ ಆಸ್ಪತ್ರೆಯವರು ಗುರುವಾರ ಕೊಟ್ಟಿದ್ದಾರೆ. ಹೆಂಗಸರ ವಾರ್ಡಿಗೆ ಇನ್ನೂ ಇಬ್ಬರು ಬೇಕು. ಬರುವವರು ಒಂದು ಬೆಡ್‌ಶೀಟ್, ನೀರಿನ ಬಾಟಲಿ, ಸ್ವಂತ ಆಧಾರ್ ಜೆರಾಕ್ಸ್ ತೆಗೆದುಕೊಂಡು ಬೆಳಿಗ್ಗೆ ಏಳಕ್ಕೆ ಶಾಲೆಯ ಗೇಟಿನ ಹತ್ತಿರ ಬನ್ನಿ.